ಹಿಂಬಾಕಿ ಬಂದ ವರ್ಷ ಪಿಂಚಣಿದಾರರ ರಿಟರ್ನ್: ಫಾರ್ಮ್ 10ಇ ತಪ್ಪಿಲ್ಲದೆ ತುಂಬುವುದು ಹೇಗೆ?

ಎರಡು-ಮೂರು ವರ್ಷದ ಪಿಂಚಣಿ ವ್ಯತ್ಯಾಸ ಒಂದೇ ಕಂತಿನಲ್ಲಿ ಖಾತೆಗೆ ಬೀಳುತ್ತದೆ. ಮರುವರ್ಷ ರಿಟರ್ನ್ ತುಂಬಲು ಕುಳಿತಾಗ ಅದರ ತೆರಿಗೆ ಕಣ್ಣಿಗೆ ಬೀಳುತ್ತದೆ. ಹಳೆಯ ವರ್ಷಗಳ ಹಣಕ್ಕೆ ಈ ವರ್ಷದ ಮೇಲಿನ ಸ್ಲ್ಯಾಬ್ ದರ ಹಾಕಿ ಸುಮ್ಮನೆ ಕಟ್ಟಿಬಿಡುವ ನಿವೃತ್ತ ಮೇಷ್ಟ್ರು, ಮಾಜಿ ಸೈನಿಕರು ಬೇಕಾದಷ್ಟು ಮಂದಿ ಇದ್ದಾರೆ. ಈ ಹೆಚ್ಚುವರಿ ಹೊರೆ ತಗ್ಗಿಸಲೆಂದೇ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 89ರ ರಿಯಾಯಿತಿ ಇದೆ, ಅದನ್ನು ಕೇಳುವ ಅರ್ಜಿಯೇ ಫಾರ್ಮ್ 10ಇ. ಗೊತ್ತಿದ್ದು ತುಂಬುವವರಲ್ಲೂ ಬಹಳಷ್ಟು ಜನ ಒಂದೇ ಕಾಲಂನಲ್ಲಿ ಎಡವುತ್ತಾರೆ.

ಇಲ್ಲಿರುವ ಲೆಕ್ಕ 2025-26ರ ಆದಾಯದ್ದು, ಅಂದರೆ 2026-27ರ ಅಸೆಸ್‌ಮೆಂಟ್ ವರ್ಷದ್ದು. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದರೂ ಈ ರಿಟರ್ನ್‌ಗೆ ಅನ್ವಯವಾಗುವುದು 1961ರ ಹಳೆಯ ಕಾಯ್ದೆಯೇ.

ಹೆಜ್ಜೆ 1: ಬಂದ ಹಣವನ್ನು ಬೇರೆ ಬೇರೆ ಮಾಡಿ

ಪಾಸ್‌ಬುಕ್ ಮುಂದಿಟ್ಟುಕೊಂಡು ಒಂದೊಂದು ಮೊತ್ತಕ್ಕೂ ಹೆಸರು ಬರೆಯಿರಿ. ತಿಂಗಳ ಪಿಂಚಣಿ ಕಾಯ್ದೆಯ ಕಣ್ಣಿಗೆ ಸಂಬಳವೇ. ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ಕಡಿತಗಳೂ ಕಡಿಮೆ; ಇದು ಮೇಲೆ ಹೇಳಿದ ಹೊಸ ಕಾಯ್ದೆಯಲ್ಲ) ಅದರಿಂದ 75,000 ರೂಪಾಯಿ, ಹಳೆಯದರಲ್ಲಿ 50,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯಬಹುದು. ಸರ್ಕಾರಿ ನೌಕರರಿಗೂ ಸೈನಿಕರಿಗೂ ನಿವೃತ್ತಿಯಾದಾಗ ಸಿಗುವ ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವ ಹಣ), ಗ್ರಾಚ್ಯುಟಿ, ಗಳಿಕೆ ರಜೆ ನಗದೀಕರಣ ಮೂರಕ್ಕೂ ಪೂರ್ತಿ ವಿನಾಯಿತಿ ಇದೆ, ಯಾವ ಪದ್ಧತಿ ಆರಿಸಿದರೂ ಸರಿ. ಕಮ್ಯುಟೇಷನ್ ಪಡೆದವರು ಒಂದು ವಿಷಯ ಪರೀಕ್ಷಿಸಿ. ಪ್ರತಿ ತಿಂಗಳು ಕಡಿತವಾಗುವ ಕಮ್ಯುಟೇಷನ್ ಭಾಗವನ್ನು ಫಾರ್ಮ್ 16ರಲ್ಲಿ (ಕೊಟ್ಟ ಹಣ ಮತ್ತು ಹಿಡಿದ ತೆರಿಗೆಯ ಪ್ರಮಾಣಪತ್ರ) ಮೊದಲೇ ಕಳೆದಿದ್ದಾರೆಯೇ? ಕಳೆದಿದ್ದರೆ ನೀವು ಮತ್ತೆ ಕಳೆಯಬೇಡಿ.

ಕುಟುಂಬ ಪಿಂಚಣಿ ಸಂಬಳವಲ್ಲ, ಅದು ‘ಇತರ ಮೂಲಗಳ ಆದಾಯ’. ಇದಕ್ಕೆ 75,000ದ ಕಡಿತ ಸಿಗುವುದಿಲ್ಲ. ಹೊಸ ಪದ್ಧತಿಯಲ್ಲಿ ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟೇ. ಹಳೆಯ ಪದ್ಧತಿಯಲ್ಲಿ ಈ ಮಿತಿ 15,000. ಬ್ಯಾಂಕ್ ಇದಕ್ಕೆ ಸಂಬಳದಂತೆ ಟಿಡಿಎಸ್ ಹಿಡಿಯಬೇಕಾಗಿಲ್ಲ. ಹೀಗಾಗಿ ಅರವತ್ತು ತುಂಬದ ಅಮ್ಮಂದಿರು ಕೊನೆಯಲ್ಲಿ ಕಟ್ಟಬೇಕಾದ ತೆರಿಗೆ 10,000 ರೂಪಾಯಿ ಮುಟ್ಟುವಂತಿದ್ದರೆ ವರ್ಷದ ನಡುವೆಯೇ ಮುಂಗಡ ತೆರಿಗೆ ಕಟ್ಟಬೇಕು.

ತೆರಿಗೆಯೇ ಇಲ್ಲದ ಪಿಂಚಣಿಗಳೂ ಇವೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಮತ್ತು ಅಧಿಸೂಚಿತ ಇತರ ಶೌರ್ಯ ಪದಕ ಪಡೆದವರ ಪಿಂಚಣಿ ಸೆಕ್ಷನ್ 10(18)ರ ಅಡಿ ಬರುತ್ತದೆ. ಕಾರ್ಯಾಚರಣೆಯ ಕರ್ತವ್ಯದಲ್ಲಿ ಮಡಿದ ಯೋಧರ ಕುಟುಂಬ ಪಿಂಚಣಿಗೆ 10(19). ಸೇವೆಯಿಂದಲೇ ಬಂದ ಅಥವಾ ಸೇವೆಯಿಂದ ಉಲ್ಬಣಿಸಿದ ಅಂಗವೈಕಲ್ಯದ ಕಾರಣಕ್ಕೆ ಸೇನೆಯಿಂದ ‘ಇನ್‌ವ್ಯಾಲಿಡ್ ಔಟ್’ ಆದವರ ಪಿಂಚಣಿಗೂ ವಿನಾಯಿತಿ ಉಂಟು, ಸರ್ವಿಸ್ ಎಲಿಮೆಂಟ್ ಮತ್ತು ಡಿಸೆಬಿಲಿಟಿ ಎಲಿಮೆಂಟ್ ಎರಡೂ ಸೇರಿ. ಇವರೆಲ್ಲ ಮೊತ್ತವನ್ನು ಐಟಿಆರ್-1 ರಿಟರ್ನ್ ಫಾರ್ಮ್‌ನ ವಿನಾಯಿತಿ ಆದಾಯದ ಪಟ್ಟಿಯಲ್ಲಿ ಅದರದೇ ಸಾಲಿನಲ್ಲಿ ತೋರಿಸಬೇಕು. ಹೇಗೂ ತೆರಿಗೆ ಇಲ್ಲವಲ್ಲ ಎಂದು ಬಿಟ್ಟುಬಿಟ್ಟರೆ ಫಾರ್ಮ್ 16ಕ್ಕೂ ರಿಟರ್ನ್‌ಗೂ ತಾಳೆಯಾಗದೆ ನೋಟಿಸು ಬರುತ್ತದೆ.

ಹೆಜ್ಜೆ 2: ಕಾಗದಪತ್ರ

ಸೇನಾ ಪಿಂಚಣಿದಾರರು ಫಾರ್ಮ್ 16 ಅನ್ನು ಸ್ಪರ್ಶ್ ಪೋರ್ಟಲ್‌ನಲ್ಲಿ ಇಳಿಸಿಕೊಳ್ಳಿ. ಪಾಸ್‌ವರ್ಡ್ ಮರೆತಿದ್ದರೆ ಊರಿನ ಸಿಎಸ್‌ಸಿ ಕೇಂದ್ರದಲ್ಲಿ ಸ್ಪರ್ಶ್ ಸೇವೆ ಸಿಗುತ್ತದೆ. ಬ್ಯಾಂಕಿನ ಮೂಲಕ ಪಿಂಚಣಿ ಪಡೆಯುವವರು ಶಾಖೆಯಲ್ಲಿ ಕೇಳಿ. ಜೊತೆಗೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಿಗುವ 26ಎಎಸ್ (ತೆರಿಗೆ ಜಮೆಯ ಪಟ್ಟಿ) ಮತ್ತು ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ಇರಲಿ. ಹಿಂಬಾಕಿ ಬಂದಿದ್ದರೆ ‘ಡ್ಯೂ-ಡ್ರಾನ್ ಸ್ಟೇಟ್‌ಮೆಂಟ್’ ಕೇಳಿ ಪಡೆಯಿರಿ. ಯಾವ ತಿಂಗಳಿಗೆ ಎಷ್ಟು ಬರಬೇಕಿತ್ತು, ಎಷ್ಟು ಬಂದಿತ್ತು ಎಂಬ ಪಟ್ಟಿ ಅದು. ಅದಿಲ್ಲದೆ 10ಇ ತುಂಬಲು ಕೂರಬೇಡಿ. ಒಟ್ಟು ಮೊತ್ತವನ್ನು ವರ್ಷಗಳ ಸಂಖ್ಯೆಯಿಂದ ಸಮನಾಗಿ ಭಾಗಿಸುವ ಸೈಬರ್ ಸೆಂಟರ್ ಲೆಕ್ಕಕ್ಕೆ ಬೆಲೆಯಿಲ್ಲ. ಸೈನಿಕರ ‘ಒಂದು ಶ್ರೇಣಿ, ಒಂದು ಪಿಂಚಣಿ’ ಯೋಜನೆಯ 2019ರ ಪರಿಷ್ಕರಣೆಯಲ್ಲಿ ಹಿಂಬಾಕಿ ಲೆಕ್ಕ ಶುರುವಾದದ್ದು 2019ರ ಜುಲೈ 1ರಿಂದ. ಅಂಥ ಕಡೆ 2019-20ಕ್ಕೆ ಬರುವುದು ಒಂಬತ್ತೇ ತಿಂಗಳು.

ಮರು ಉದ್ಯೋಗದಲ್ಲಿರುವ ಮಾಜಿ ಸೈನಿಕರ ಕೈಯಲ್ಲಿ ಎರಡು ಫಾರ್ಮ್ 16 ಇರುತ್ತವೆ. ಎರಡರಲ್ಲೂ 75,000 ಕಳೆದಿರುತ್ತಾರೆ, ಎರಡರಲ್ಲೂ ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆ ಇಲ್ಲ, ಎರಡರಲ್ಲೂ ರಿಬೇಟ್ (12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಮನ್ನಾ) ಕೊಟ್ಟಿರುತ್ತಾರೆ. ಕಾನೂನಿನ ಪ್ರಕಾರ ಇವೆಲ್ಲ ಒಬ್ಬರಿಗೆ ಒಂದೇ ಸಲ. ಪಿಂಚಣಿ 7 ಲಕ್ಷ, ಬ್ಯಾಂಕಿನ ಕಾವಲು ಕೆಲಸದ ಸಂಬಳ 6 ಲಕ್ಷ ಎಂದುಕೊಳ್ಳಿ. ಎರಡೂ ಫಾರ್ಮ್‌ಗಳಲ್ಲಿ ತೆರಿಗೆ ಸೊನ್ನೆ. ಕೂಡಿಸಿ 75,000 ಕಳೆದರೆ 12,25,000. ರಿಬೇಟ್ ಮಿತಿ 12 ಲಕ್ಷ ದಾಟಿತು. ಸ್ಲ್ಯಾಬ್ ಪ್ರಕಾರ 63,750 ಆಗುತ್ತದೆ. ಮಿತಿ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದು ಎಂಬ ಮಾರ್ಜಿನಲ್ ರಿಲೀಫ್ ಇರುವುದರಿಂದ ಅದು 25,000ಕ್ಕೆ ಇಳಿದು ಸೆಸ್ ಸೇರಿ 26,000 ಕಟ್ಟಬೇಕಾಗುತ್ತದೆ. ಈಗ ಸಂಬಳ ಕೊಡುತ್ತಿರುವವರಿಗೆ ವರ್ಷದ ಆರಂಭದಲ್ಲೇ ಪಿಂಚಣಿ ವಿವರ ಬರೆದುಕೊಟ್ಟರೆ ಅವರೇ ಟಿಡಿಎಸ್ ಹಿಡಿಯುತ್ತಾರೆ, ಬಡ್ಡಿಯ ಹೊರೆ ತಪ್ಪುತ್ತದೆ.

ಹೆಜ್ಜೆ 3: ಪದ್ಧತಿ ಆಯ್ಕೆ

ಪಿಂಚಣಿ ಮತ್ತು ಠೇವಣಿ ಬಡ್ಡಿ ಬಿಟ್ಟರೆ ಬೇರೇನೂ ಇಲ್ಲದವರು ಹೊಸ ಪದ್ಧತಿಯಲ್ಲೇ ಇರಿ. ಬರೀ ಪಿಂಚಣಿ 12,75,000 ರೂಪಾಯಿವರೆಗೆ ಇದ್ದರೂ ತೆರಿಗೆ ಬರುವುದಿಲ್ಲ. ಹಿರಿಯ ನಾಗರಿಕರಿಗೆ 50,000ದವರೆಗಿನ ಬಡ್ಡಿಗೆ ಇರುವ 80ಟಿಟಿಬಿ ಕಡಿತವಾಗಲಿ, ಎಂಬತ್ತು ದಾಟಿದವರಿಗೆ ಇರುವ 5 ಲಕ್ಷದ ಮಿತಿಯಾಗಲಿ ಹಳೆಯ ಪದ್ಧತಿಯಲ್ಲಿ ಮಾತ್ರ. ಆದರೂ ಆ ಆಸೆಗೆ ಹಿಂದಿರುಗುವುದು ಹೆಚ್ಚಿನವರಿಗೆ ನಷ್ಟವೇ. ಹಳೆಯದೇ ಬೇಕೆನ್ನುವವರು ಗಡುವಿನೊಳಗೆ, ಅಂದರೆ ಜುಲೈ 31ರ ಒಳಗೆ ಸಲ್ಲಿಸಬೇಕು. ತಡವಾದರೆ ಆ ಆಯ್ಕೆ ಕೈತಪ್ಪುತ್ತದೆ.

ಹೆಜ್ಜೆ 4: ಫಾರ್ಮ್ 10ಇ

ಮೊದಲು ಬೇಕೋ ಬೇಡವೋ ನೋಡಿ. ಹಿಂಬಾಕಿ ಸೇರಿಸಿದ ಮೇಲೂ ಈ ವರ್ಷದ ತೆರಿಗೆ ಸೊನ್ನೆಯೇ ಆದರೆ 10ಇ ಗೊಡವೆ ಬೇಡ.

ಬೇಕಾದರೆ ರಿಟರ್ನ್‌ಗಿಂತ ಮೊದಲು ಇದನ್ನು ಸಲ್ಲಿಸಿ. ರಿಟರ್ನ್‌ನಲ್ಲಿ 89ರ ರಿಯಾಯಿತಿ ತೋರಿಸಿ 10ಇ ಹಾಕದೇ ಬಿಟ್ಟರೆ ರಿಟರ್ನ್‌ಗಳನ್ನು ಪರಿಶೀಲಿಸುವ ಇಲಾಖೆಯ ಬೆಂಗಳೂರಿನ ಕೇಂದ್ರ ಸಿಪಿಸಿ ಆ ರಿಯಾಯಿತಿಯನ್ನು ಹೊಡೆದುಹಾಕಿ ಬಾಕಿ ತೆರಿಗೆಯ ಸೂಚನೆ ಕಳಿಸುತ್ತದೆ. ಪೋರ್ಟಲ್‌ನಲ್ಲಿ ಇ-ಫೈಲ್, ಆದಾಯ ತೆರಿಗೆ ಫಾರ್ಮ್‌ಗಳು, 10ಇ ಎಂದು ಹೋಗಿ. ಅಲ್ಲಿ ಕೇಳುವ ಅಸೆಸ್‌ಮೆಂಟ್ ವರ್ಷ ಹಣ ಕೈಗೆ ಬಂದ ವರ್ಷದ್ದು, ಹಿಂಬಾಕಿ ಯಾವ ವರ್ಷಕ್ಕೆ ಸೇರಿದ್ದೋ ಆ ವರ್ಷದ್ದಲ್ಲ. ಅನೆಕ್ಸರ್‌ಗಳ ಪೈಕಿ ಹಿಂಬಾಕಿ ಸಂಬಳ ಮತ್ತು ಕುಟುಂಬ ಪಿಂಚಣಿಗೆ ಇರುವ ಅನೆಕ್ಸರ್ 1 ಆರಿಸಿ. ಹೌದು, ಕುಟುಂಬ ಪಿಂಚಣಿಯ ಹಿಂಬಾಕಿಗೂ ಈ ರಿಯಾಯಿತಿ ಇದೆ. ಎಷ್ಟೋ ಜನ ಕೇಳುವುದೇ ಇಲ್ಲ.

ಎಲ್ಲರೂ ಎಡವುವುದು ಮೊದಲ ಸಾಲಿನಲ್ಲಿ. ಅಲ್ಲಿ ಬರೆಯಬೇಕಾದದ್ದು ಹಿಂಬಾಕಿಯನ್ನು ಹೊರಗಿಟ್ಟ ಒಟ್ಟು ಆದಾಯ. ಫಾರ್ಮ್ 16ರ ಮೊತ್ತದಲ್ಲಿ ಹಿಂಬಾಕಿ ಆಗಲೇ ಸೇರಿಕೊಂಡಿರುತ್ತದೆ. ಅದನ್ನೇ ನೋಡಿ ಬರೆದು, ಎರಡನೇ ಸಾಲಿನಲ್ಲಿ ಮತ್ತೆ ಹಿಂಬಾಕಿ ಹಾಕಿದರೆ ಹಣ ಎರಡು ಸಲ ಎಣಿಕೆಯಾಗಿ ಸುಳ್ಳು ರಿಯಾಯಿತಿ ಮೂಡುತ್ತದೆ. ನಂತರ ಸಿಪಿಸಿ ಅದನ್ನು ಬಡ್ಡಿಸಮೇತ ಕೇಳುತ್ತದೆ.

ಆಮೇಲೆ ಟೇಬಲ್ ಎ. ಪ್ರತಿ ಹಳೆಯ ವರ್ಷಕ್ಕೂ ಒಂದು ಸಾಲು. ಇಲ್ಲಿ ಆ ವರ್ಷದ ಪಿಂಚಣಿ ಬರೆದರೆ ತಪ್ಪು. ಆ ವರ್ಷದ ರಿಟರ್ನ್‌ನಲ್ಲಿ ಕಡಿತಗಳೆಲ್ಲ ಕಳೆದು ಉಳಿದ ಒಟ್ಟು ಆದಾಯ ಬೇಕು. ತೆರಿಗೆಯ ಲೆಕ್ಕವೂ ಆ ವರ್ಷದ ಸ್ಲ್ಯಾಬ್‌ನಲ್ಲಿ, ಆ ವರ್ಷ ನೀವು ಆರಿಸಿದ್ದ ಪದ್ಧತಿಯಲ್ಲೇ. ಈ ವರ್ಷದ ದರ ಹಳೆಯ ವರ್ಷಕ್ಕೆ ಹಾಕುವುದು ಎರಡನೇ ದೊಡ್ಡ ತಪ್ಪು.

ಒಂದು ಲೆಕ್ಕ ಪೂರ್ತಿ ಬಿಡಿಸೋಣ, ಎಲ್ಲ ವರ್ಷವೂ ಹೊಸ ಪದ್ಧತಿ. ಮರು ಉದ್ಯೋಗ ಸಿಕ್ಕ ಮಾಜಿ ಸುಬೇದಾರರೊಬ್ಬರ ಈ ವರ್ಷದ ಆದಾಯ ಕಡಿತಗಳನ್ನು ಕಳೆದು, ಹಿಂಬಾಕಿ ಬಿಟ್ಟು 13,00,000. ಹಿಂಬಾಕಿ 3,00,000, ಅದರಲ್ಲಿ 2023-24ಕ್ಕೆ ಒಂದೂವರೆ ಲಕ್ಷ, 2024-25ಕ್ಕೆ ಒಂದೂವರೆ ಲಕ್ಷ. 16 ಲಕ್ಷಕ್ಕೆ ಸೆಸ್ ಸೇರಿ ತೆರಿಗೆ 1,24,800. ಹದಿಮೂರು ಲಕ್ಷಕ್ಕೆ 78,000. ವ್ಯತ್ಯಾಸ 46,800.

2023-24ರಲ್ಲಿ ಅವರ ಒಟ್ಟು ಆದಾಯ 8,00,000 ಇತ್ತು. ತೆರಿಗೆ 36,400. ಹಿಂಬಾಕಿ ಸೇರಿ 9,50,000 ಆಗಿದ್ದರೆ 54,600. ಹೆಚ್ಚುವರಿ 18,200. 2024-25ರಲ್ಲಿ 8,50,000 ಇತ್ತು. ತೆರಿಗೆ ಆಗಲೂ 36,400, ಹತ್ತು ಲಕ್ಷವಾಗಿದ್ದರೆ 52,000. ಹೆಚ್ಚುವರಿ 15,600. ಎರಡೂ ಕೂಡಿ 33,800. 46,800ರಲ್ಲಿ ಇದನ್ನು ಕಳೆದರೆ ಉಳಿಯುವ 13,000 ರೂಪಾಯಿಯೇ ಸುಬೇದಾರರಿಗೆ ಸಿಗುವ ರಿಯಾಯಿತಿ. ಉತ್ತರ ಮೈನಸ್ ಬಂದರೆ ರಿಯಾಯಿತಿ ಇಲ್ಲ, 10ಇ ಹಾಕುವುದೂ ಬೇಡ. ಹಳೆಯ ವರ್ಷಗಳ ರಿಟರ್ನ್ ತಿದ್ದಲು ಯಾರಾದರೂ ಹೇಳಿದರೆ ಕಿವಿಗೊಡಬೇಡಿ, ಹಿಂಬಾಕಿಯ ತೆರಿಗೆ ಕಟ್ಟುವುದು ಬಂದ ವರ್ಷದಲ್ಲೇ.

ಆಧಾರ್ ಒಟಿಪಿ ಹಾಕಿ ಸಲ್ಲಿಸಿ, ಸ್ವೀಕೃತಿ ಸಂಖ್ಯೆಯನ್ನೂ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ.

ಹೆಜ್ಜೆ 5: ರಿಟರ್ನ್

ಐಟಿಆರ್-1 ಸಾಕು, ಒಟ್ಟು ಆದಾಯ 50 ಲಕ್ಷದೊಳಗಿದ್ದರೆ. ಉದ್ಯೋಗದ ಸ್ವರೂಪ ಕೇಳುವಲ್ಲಿ ಕೇಂದ್ರದವರು, ಸೈನಿಕರು ಕೇಂದ್ರ ಸರ್ಕಾರದ ಪಿಂಚಣಿದಾರರು ಎಂದೂ ರಾಜ್ಯದವರು ರಾಜ್ಯ ಸರ್ಕಾರದ ಪಿಂಚಣಿದಾರರು ಎಂದೂ ಆರಿಸಿ. ತೆರಿಗೆ ಲೆಕ್ಕದ ಪುಟದಲ್ಲಿ 89ರ ಸಾಲಿಗೆ 10ಇಯಲ್ಲಿ ಬಂದ ಅದೇ ಅಂಕಿ ಹಾಕಿ, ಒಂದು ರೂಪಾಯಿಯೂ ಹೆಚ್ಚು ಕಡಿಮೆ ಬೇಡ.

ರಿಫಂಡ್ ಬಂದರೆ ಇಷ್ಟು ಪರ್ಸೆಂಟ್ ಕೊಡಿ ಎನ್ನುವ ಏಜೆಂಟರನ್ನು ಮನೆ ಬಾಗಿಲಿಗೂ ಸೇರಿಸಬೇಡಿ. ಅವರು ರಿಫಂಡ್ ತರಿಸುವುದು ನೀವು ಕೊಡದ ದೇಣಿಗೆ ತೋರಿಸಿ. ಇಲಾಖೆಯ ನೋಟಿಸು ಬರುವುದು ನಿಮ್ಮ ಪ್ಯಾನ್‌ಗೆ, ಅವರ ಅಂಗಡಿಗಲ್ಲ. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದರೂ ಮೊಬೈಲ್ ಸಂಖ್ಯೆ, ಇಮೇಲ್ ನಿಮ್ಮದೇ ಇದೆಯೇ ನೋಡಿ. ಅಂಗಡಿಯವರದ್ದಿದ್ದರೆ ಸಿಪಿಸಿ ಸೂಚನೆ ನಿಮಗೆ ತಲುಪುವುದೇ ಇಲ್ಲ.

ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಮಾಡಿ. ಡ್ಯೂ-ಡ್ರಾನ್ ಪಟ್ಟಿ, 10ಇ ಸ್ವೀಕೃತಿ, ಹಳೆಯ ವರ್ಷಗಳ ರಿಟರ್ನ್ ಪ್ರತಿ ಮೂರನ್ನೂ ಪಿಪಿಒ (ಪಿಂಚಣಿ ಪಾವತಿ ಆದೇಶ) ಇಟ್ಟ ಕಡತಕ್ಕೇ ಸೇರಿಸಿ. ಮುಂದಿನ ಪರಿಷ್ಕರಣೆಯ ಹಿಂಬಾಕಿ ಬಂದಾಗ ಟೇಬಲ್ ಎ ತುಂಬಲು ಇವೇ ಬೇಕಾಗುತ್ತವೆ.