ನಂಬರ್ ಒನ್ ಅಂದ್ರೆ ನಿಜಕ್ಕೂ ನಂಬರ್ ಒನ್ನಾ? ಮಹಿಳಾ ಟೆನಿಸ್ ರ‍್ಯಾಂಕಿಂಗ್ ಮತ್ತೆ ದಾಖಲೆ ಓದೋದು ಹೀಗೆ

2025ರ ವಿಂಬಲ್ಡನ್ ಶುರುವಾದ ದಿನ ನಮ್ಮನೇಲಿ ಒಂದು ಸಣ್ಣ ಜಗಳ ಆಯ್ತು. ತಂಗಿ ಇಗಾ ಸ್ವಿಯಾಟೆಕ್ ಫ್ಯಾನು, ಅಪ್ಪ ಸ್ಟೆಫಿ ಗ್ರಾಫ್ ಕಾಲದವ್ರು, ಅವ್ರ ಲೆಕ್ಕದಲ್ಲಿ ಸ್ಟೆಫಿ ರಿಟೈರ್ ಆದ 1999ಕ್ಕೇ ಟೆನಿಸ್ ಮುಗೀತು. "ಏನಮ್ಮಾ, ನಿನ್ ಇಗಾ ಎಂಟನೇ ಸೀಡಂತೆ, ಇಷ್ಟು ಬೇಗ ಇಳಿದ್ಬಿಟ್ಳಾ" ಅಂತ ಕೆಣಕಿದ್ರು, ಇವಳು ಫೋನ್ ತೆಗೆದು "ಅಪ್ಪಾ ಇಲ್ನೋಡಿ ರ‍್ಯಾಂಕಿಂಗಲ್ಲಿ ನಾಲ್ಕಿದಾಳೆ" ಅಂತ ತೋರ್ಸಿದ್ಲು, ಇಬ್ರೂ ಹೇಳಿದ್ದು ಸರಿನೇ ಅನ್ನೋದೇ ತಮಾಷೆ (ಸೀಡ್ ಅಂದ್ರೆ ಒಂದು ಟೂರ್ನಿಯವ್ರು ಬಲಿಷ್ಠ ಆಟಗಾರ್ತಿಯರಿಗೆ ಕೊಡೋ ಕ್ರಮಸಂಖ್ಯೆ). ಎರಡು ವಾರ ಕಳೆದ್ಮೇಲೆ ಫೈನಲಲ್ಲಿ ಅಮಾಂಡಾ ಅನಿಸಿಮೋವಾಗೆ 6-0, 6-0 ಕೊಟ್ಟು ಇಗಾ ತಟ್ಟೆ ಎತ್ಕೊಂಡ್ಲು (ಹೌದು, ವಿಂಬಲ್ಡನ್ನಲ್ಲಿ ಹೆಂಗಸರಿಗೆ ಕೊಡೋದು ಕಪ್ ಅಲ್ಲ, ತಟ್ಟೆ). ಆವತ್ತೇ ಅನ್ಕೊಂಡೆ, ಈ ರ‍್ಯಾಂಕಿಂಗ್ ಓದೋದು ಹೇಗೆ ಅಂತ ಒಂದ್ಸಲ ಕೂತು ಬರೀಬೇಕು ಅಂತ, ಯಾಕಂದ್ರೆ ಕ್ರಿಕೆಟ್ ಆವರೇಜ್ ನಿದ್ದೇಲಿ ಕೇಳಿದ್ರೂ ಹೇಳೋ ಜನ ಇಲ್ಲಿ ಬಂದು ತಡವರಿಸ್ತಾರೆ.

ಮೊದಲು ತಿಳ್ಕೋಬೇಕಾದ್ದು ಏನಂದ್ರೆ ಇದು ಎಸೆಸೆಲ್ಸಿ ಮಾರ್ಕ್ಸ್ ಕಾರ್ಡ್ ಅಲ್ಲ, ಒಂದ್ಸಲ ಬಂದ್ರೆ ಜೀವನಪೂರ್ತಿ ಇಟ್ಕೊಳ್ಳೋಕೆ. ಇದು ಪ್ರೀಪೇಯ್ಡ್ ರೀಚಾರ್ಜ್ ಥರ, ಗೆದ್ದ ಪಾಯಿಂಟಿಗೆ 52 ವಾರ ವ್ಯಾಲಿಡಿಟಿ, ಅದಾದ್ಮೇಲೆ ಅದು ಹೋಗುತ್ತೆ. ಗ್ರ್ಯಾಂಡ್ ಸ್ಲಾಮ್ (ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯುಎಸ್, ಈ ನಾಲ್ಕು ದೊಡ್ಡ ಟೂರ್ನಿಲಿ ಒಂದು) ಗೆದ್ರೆ 2000, ಫೈನಲಲ್ಲಿ ಸೋತ್ರೆ 1300, ಸೆಮೀಸಲ್ಲಿ ಸೋತ್ರೆ 780, ಕ್ವಾರ್ಟರ್ ಫೈನಲಲ್ಲಿ 430, ಮೂರನೇ ರೌಂಡಲ್ಲೇ ಮನೆಗೆ ಹೋದ್ರೆ 130, ಮೊದಲನೇ ರೌಂಡಲ್ಲಿ ಸೋತ್ರೂ ಬಂದಿದ್ದಕ್ಕೆ 10. ಅದರ ಕೆಳಗೆ 1000, 500, 250 ಅಂತ ಟೂರ್ನಿಗಳಿವೆ, ಹೆಸರಲ್ಲಿರೋ ನಂಬರ್ರೇ ಗೆದ್ದೋರಿಗೆ ಸಿಗೋ ಪಾಯಿಂಟ್, ಹಾಗಾಗಿ ನೆನಪಿಡೋದು ಸುಲಭ. ವರ್ಷದ ಕೊನೇಲಿ ನಡೆಯೋ ಡಬ್ಲ್ಯುಟಿಎ (ಮಹಿಳಾ ಟೆನಿಸ್ ನಡೆಸೋ ಸಂಸ್ಥೆ) ಫೈನಲ್ಸಲ್ಲಿ ಒಂದೂ ಮ್ಯಾಚ್ ಸೋಲದೇ ಗೆದ್ರೆ 1500. 2024ರಿಂದ ಸಿಂಗಲ್ಸಿಗೆ ಹೆಚ್ಚಂದ್ರೆ 18 ಟೂರ್ನಿ ಲೆಕ್ಕಕ್ಕೆ ಬರುತ್ತೆ, ಅದಕ್ಕಿಂತ ಮುಂಚೆ 16 ಇತ್ತು.

ಈಗ ಇಗಾ ಲೆಕ್ಕ ನಾವೇ ಹಾಕಿ ನೋಡೋಣ, ಒಂದ್ಸಲ ಕೈಯಾರೆ ಮಾಡಿದ್ರೆ ಆಮೇಲೆ ಯಾರೂ ನಿಮ್ಗೆ ಹೇಳ್ಕೊಡ್ಬೇಕಾಗಿಲ್ಲ. 2024ರಲ್ಲಿ ಅವಳು ಫ್ರೆಂಚ್ ಓಪನ್ ಗೆದ್ದಿದ್ಲು, 2000. 2025ರಲ್ಲಿ ಅಲ್ಲೇ ಸೆಮೀಸಲ್ಲಿ ಸಬಲೆಂಕಾಗೆ ಸೋತ್ಲು, 780. ಅಂದ್ರೆ ಪ್ಯಾರಿಸಲ್ಲಿ ಸೆಮಿಫೈನಲ್ ಆಡಿ ಬಂದೂ 1220 ಪಾಯಿಂಟ್ ಕಳ್ಕೊಂಡ್ಲು, ಅದಕ್ಕೇ ಆವಾಗ ಸರ‍್ರಂತ ಕೆಳಗೆ ಬಂದಿದ್ದು. ಟಿವೀಲಿ ಕಾಮೆಂಟೇಟರ್ಸ್ "ಪಾಯಿಂಟ್ ಡಿಫೆಂಡ್ ಮಾಡ್ಬೇಕು" ಅಂತಾರಲ್ಲ, ಅದು ಇದೇ. ಆಮೇಲೆ ವಿಂಬಲ್ಡನ್: 2024ರಲ್ಲಿ ಮೂರನೇ ರೌಂಡಲ್ಲಿ ಸೋತಿದ್ಲು, 130 ಮಾತ್ರ ಇತ್ತು, 2025ರಲ್ಲಿ ಗೆದ್ಲು, 2000 ಬಂತು, ನಿವ್ವಳ ಲಾಭ 1870. ಹೋದ ವರ್ಷ ಕಮ್ಮಿ ಆಡಿದ್ದ ಟೂರ್ನೀಲಿ ಈ ವರ್ಷ ಚೆನ್ನಾಗಿ ಆಡಿದ್ರೆ ರಾಕೆಟ್ ಥರ ಮೇಲೆ ಹೋಗ್ತಾರೆ, ಹೋದ ವರ್ಷ ಗೆದ್ದಿದ್ದ ಟೂರ್ನೀಲಿ ಮತ್ತೆ ಗೆದ್ರೂ ಒಂದು ಪಾಯಿಂಟೂ ಏರಲ್ಲ.

ಅಪ್ಪಂದು ಎಂಟು, ತಂಗಿದು ನಾಲ್ಕು ಹೇಗೆ ಅಂದ್ರೆ, ಸೀಡಿಂಗ್ ಲಿಸ್ಟ್ ಡ್ರಾಗೆ (ಯಾರ ಮೇಲೆ ಯಾರು ಆಡ್ಬೇಕು ಅನ್ನೋ ಪಟ್ಟಿ) ಮುಂಚೆನೇ ಲಾಕ್ ಆಗುತ್ತೆ. ಲಾಕ್ ಆದ್ಮೇಲೆ ಇಗಾ ಜರ್ಮನೀಲಿ ಬಾಡ್ ಹೊಂಬುರ್ಗ್ ಟೂರ್ನಿ ಫೈನಲಿಗೆ ಹೋದ್ಲು, ಸೋಮವಾರ ಬಂದ ಹೊಸ ಲಿಸ್ಟಲ್ಲಿ 4ಕ್ಕೆ ಏರಿದ್ಲು, ಆದ್ರೆ ಸೀಡ್ 8 ಹಂಗೇ ಉಳ್ಕೊಂತು. ರ‍್ಯಾಂಕಿಂಗ್ ಬರೋದು ಸೋಮವಾರ, ಆದ್ರೆ ಗ್ರ್ಯಾಂಡ್ ಸ್ಲಾಮ್ ನಡೀವಾಗ ಮಧ್ಯದ ಸೋಮವಾರ ಏನೂ ಬರಲ್ಲ, ಟೂರ್ನಿ ಮುಗಿದ್ಮೇಲೇನೇ. ಮ್ಯಾಚ್ ಮುಗಿದ ತಕ್ಷಣ "ಲೈವ್ ರ‍್ಯಾಂಕಿಂಗ್" ಅಂತ ಶೇರ್ ಮಾಡ್ತಾರಲ್ಲ, ಅದು ಬರೀ ಅಂದಾಜು, ಅದನ್ನ ನಂಬ್ಕೊಂಡು ಬೆಟ್ ಕಟ್ಬೇಡಿ.

"ರೇಸ್" ಅಂತ ಇನ್ನೊಂದು ಲಿಸ್ಟ್ ಇದೆ, ಅದು ಜನವರೀಲಿ ಸೊನ್ನೆಯಿಂದ ಶುರುವಾಗುತ್ತೆ, ಅದರ ಟಾಪ್ ಏಳು ಜನ ವರ್ಷಾಂತ್ಯದ ಫೈನಲ್ಸಿಗೆ ನೇರವಾಗಿ ಹೋಗ್ತಾರೆ. ಫೆಬ್ರವರೀಲಿ ಯಾರೋ ರೇಸ್ ಲಿಸ್ಟ್ ಹಾಕಿ ವಿಶ್ವದ ನಂಬರ್ ಒನ್ ಅಂತ ಬರೆದಿದ್ರೆ ಸುಮ್ನೆ ಮುಂದೆ ಹೋಗಿ.

ಸಿಂಗಲ್ಸ್, ಡಬಲ್ಸ್ ಬೇರೆ ಬೇರೆ ಅನ್ನೋದೂ ನಮ್ಮ ಕಡೆ ಜಾಸ್ತಿ ಎಡವೋ ಜಾಗ. ಸಾನಿಯಾ ಮಿರ್ಜಾ ನಂಬರ್ ಒನ್ ಆಗಿದ್ರಾ ಅಂದ್ರೆ ಹೌದು, 2015ರ ಏಪ್ರಿಲಲ್ಲಿ, ಡಬಲ್ಸಲ್ಲಿ, ಒಟ್ಟು 91 ವಾರ. ಸಿಂಗಲ್ಸಲ್ಲಿ ಅವ್ರ ಬೆಸ್ಟ್ 27, ಅದು 2007ರಲ್ಲಿ. ಆರು ಗ್ರ್ಯಾಂಡ್ ಸ್ಲಾಮ್ ಅಂತಾರಲ್ಲ, ಮೂರು ಮಾರ್ಟಿನಾ ಹಿಂಗಿಸ್ ಜೊತೆ ಮಹಿಳಾ ಡಬಲ್ಸ್, ಮೂರು ಮಿಕ್ಸೆಡ್, ಅದರಲ್ಲಿ ಎರಡು ಮಹೇಶ್ ಭೂಪತಿ ಜೊತೆ. ಇದನ್ನ ಬಿಡಿಸಿ ಹೇಳಿದ್ರೆ ಸಾನಿಯಾನ ಕಮ್ಮಿ ಮಾಡ್ದಂಗೆ ಅಂತ ಕೆಲವ್ರು ಜಗಳಕ್ಕೆ ಬರ್ತಾರೆ, ನನಗಂತೂ ಸಿಂಗಲ್ಸಿನ ಆ 27 ಕೂಡ ದೊಡ್ಡದೇ ಅನ್ಸುತ್ತೆ.

ಹಳೇ ದಾಖಲೆ ಓದುವಾಗ 1000, 500 ಅಂತ ಹುಡುಕಬೇಡಿ, ಆವಾಗ ಟಿಯರ್ ಒಂದು, ಟಿಯರ್ ಎರಡು ಅಂತ ಇತ್ತು. ನಮ್ಮ ಬೆಂಗಳೂರಲ್ಲೇ 2008ರಲ್ಲಿ ಟಿಯರ್ ಎರಡರ ಟೂರ್ನಿ ನಡೀತು, ಕಬ್ಬನ್ ಪಾರ್ಕ್ ಒಳಗಿರೋ ಸ್ಟೇಡಿಯಂನಲ್ಲಿ, ಸೆಮಿಫೈನಲಲ್ಲಿ ಸೆರೆನಾ ವಿಲಿಯಮ್ಸ್ ವರ್ಸಸ್ ಅವಳ ಅಕ್ಕ ವೀನಸ್! ಅಕ್ಕನ್ನ ಮೂರು ಸೆಟ್ಟಲ್ಲಿ ಸೋಲಿಸಿ, ಫೈನಲಲ್ಲಿ ಪ್ಯಾಟಿ ಶ್ನೈಡರ್‌ನ ಸೋಲಿಸಿ ಸೆರೆನಾ ಕಪ್ ಗೆದ್ಲು. ಅವಳ 73 ಸಿಂಗಲ್ಸ್ ಟೈಟಲಲ್ಲಿ ಒಂದು ನಮ್ಮೂರದ್ದು. ನನಗೆ ಪರೀಕ್ಷೆ ಇತ್ತು, ಹೋಗ್ಲಿಲ್ಲ, ಇವತ್ತಿಗೂ ಹೊಟ್ಟೆ ಉರಿಯುತ್ತೆ, ಆ ಪರೀಕ್ಷೇಲಿ ಏನು ಬರೆದೆ ಅಂತ ಒಂದಕ್ಷರ ನೆನಪಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ರ‍್ಯಾಂಕಿಂಗ್ ಹೇಳೋದು ಕಳೆದ 52 ವಾರದ ಕಥೆ ಮಾತ್ರ, ಅದರಲ್ಲೂ ತೂತುಗಳಿವೆ. ಒಬ್ಬ ಆಟಗಾರ್ತಿ ರ‍್ಯಾಂಕ್ ವಿಚಿತ್ರವಾಗಿ ಕಂಡ್ರೆ ಮೊದಲು ಆ ತೂತು ಹುಡುಕಿ. 2022ರಲ್ಲಿ ಎಲೆನಾ ರಿಬಾಕಿನಾ ವಿಂಬಲ್ಡನ್ ಗೆದ್ಲು, ಸಿಕ್ಕಿದ ಪಾಯಿಂಟ್ ಎಷ್ಟು ಗೊತ್ತಾ, ಸೊನ್ನೆ. ಆ ವರ್ಷ ವಿಂಬಲ್ಡನ್ನವ್ರು ರಷ್ಯಾ, ಬೆಲಾರುಸ್ ಆಟಗಾರರನ್ನ ಬ್ಯಾನ್ ಮಾಡಿದ್ರು, ಅದಕ್ಕೆ ಡಬ್ಲ್ಯುಟಿಎ ಟೂರ್ನಿ ಪಾಯಿಂಟನ್ನೇ ಕಿತ್ಹಾಕ್ತು, ಚಾಂಪಿಯನ್ ಆದ್ರೂ ಪಾಪ 23ರಲ್ಲೇ ಇದ್ಲು. 2018ರಲ್ಲಿ ಸೆರೆನಾ ಮಗು ಆದ್ಮೇಲೆ ವಾಪಸ್ ಬಂದಾಗ ರ‍್ಯಾಂಕ್ 450ರ ಆಚೆ, ಫ್ರೆಂಚ್ ಓಪನಲ್ಲಿ ಸೀಡೇ ಕೊಡ್ಲಿಲ್ಲ, ವಿಂಬಲ್ಡನ್ನವ್ರು 25ನೇ ಸೀಡ್ ಕೊಟ್ರು, ಫೈನಲ್ ತನಕ ಹೋದ್ಲು. ಹಿಂದಿನ ವರ್ಷ ಬಸುರೀಲೇ ಆಸ್ಟ್ರೇಲಿಯನ್ ಓಪನ್ ಗೆದ್ದೋಳಿಗೆ ಈ ಕಥೆ! ತಾಯಂದಿರ ನಿಯಮ ಸಡಿಲ ಆಗಿದ್ದು ಅದಾದ್ಮೇಲೆ.

ಆಶ್ಲೀ ಬಾರ್ಟಿದು ಇನ್ನೊಂದು ಥರ. ಮಧ್ಯದಲ್ಲಿ ಟೆನಿಸ್ ಬಿಟ್ಟು ಬ್ರಿಸ್ಬೇನ್ ಹೀಟ್ ಪರ ಬಿಗ್ ಬ್ಯಾಷ್ ಕ್ರಿಕೆಟ್ ಆಡಿ ಬಂದೋಳು, ವಾಪಸ್ ಬಂದು 121 ವಾರ ನಂಬರ್ ಒನ್, 2022ರ ಜನವರೀಲಿ ಆಸ್ಟ್ರೇಲಿಯನ್ ಓಪನ್ ಗೆದ್ದು ಮಾರ್ಚಲ್ಲಿ 25ನೇ ವಯಸ್ಸಿಗೆ ನಂಬರ್ ಒನ್ ಆಗಿರುವಾಗ್ಲೇ ಸಾಕು ಅಂತ ಹೇಳಿ ಹೋದ್ಲು. ಅವಳ ಹೆಸರು ತೆಗೆದ್ಮೇಲೆ ಇಗಾ ಮೊದಲ ಸಲ ನಂಬರ್ ಒನ್. ಸೀಟು ಖಾಲಿ ಇತ್ತು ಕೂತ್ಕೊಂಡ್ಲು ಅಂತ ಆಡ್ಕೊಂಡ್ರು ಜನ, ಅವಳು ಅದೇ ವರ್ಷ ಸಾಲಾಗಿ 37 ಮ್ಯಾಚ್ ಗೆದ್ದು ಬಾಯಿ ಮುಚ್ಸಿದ್ಲು.

ಆದ್ರೆ ಎಲ್ಲಕ್ಕಿಂತ ದೊಡ್ಡ ತೂತು ಮೋನಿಕಾ ಸೆಲೆಸ್‌ದು, ಅಪ್ಪನ ಮುಂದೆ ಇದನ್ನ ಹುಷಾರಾಗಿ ಎತ್ಬೇಕು. 1993ರ ಏಪ್ರಿಲ್ 30, ಹ್ಯಾಂಬರ್ಗ್, ಸೆಲೆಸ್ ಆಗ ನಂಬರ್ ಒನ್, ವಯಸ್ಸು 19, ಆಗ್ಲೇ ಎಂಟು ಗ್ರ್ಯಾಂಡ್ ಸ್ಲಾಮ್. ಸೈಡ್ ಬದಲಾಯಿಸೋ ಗ್ಯಾಪಲ್ಲಿ ಕುರ್ಚೀಲಿ ಕೂತಿದ್ದಾಗ ಪ್ರೇಕ್ಷಕರ ಕಡೆಯಿಂದ ಬಂದೋನೊಬ್ಬ ಬೆನ್ನಿಗೆ ಚಾಕು ಹಾಕ್ದ, ಸ್ಟೆಫಿ ಮತ್ತೆ ನಂಬರ್ ಒನ್ ಆಗ್ಲಿ ಅಂತ. ಸ್ಟೆಫಿದು ಇದರಲ್ಲಿ ಏನೂ ತಪ್ಪಿಲ್ಲ. ಆದ್ರೆ ಸೆಲೆಸ್ ಎರಡು ವರ್ಷದ ಮೇಲೆ ಆಡ್ಲೇ ಇಲ್ಲ. ಸ್ಟೆಫಿಯ 22 ಸ್ಲಾಮ್ ಎಣಿಸಿ ನೋಡಿ, ಆ ದಿನಕ್ಕಿಂತ ಮುಂಚೆ 11, ಆಮೇಲೆ 11. ಸೆಲೆಸ್‌ಗೆ ಆಮೇಲೆ ಬಂದಿದ್ದು ಒಂದೇ ಒಂದು, 1996ರ ಆಸ್ಟ್ರೇಲಿಯನ್ ಓಪನ್. 1995ರ ಆಗಸ್ಟಲ್ಲಿ ಅವಳು ವಾಪಸ್ ಬಂದಾಗ ಡಬ್ಲ್ಯುಟಿಎ ಅವಳನ್ನ ಸ್ಟೆಫಿ ಜೊತೆ ಜಂಟಿ ನಂಬರ್ ಒನ್ ಅಂತ ಇಡ್ತು, ಕಂಪ್ಯೂಟರ್ ಲೆಕ್ಕದಿಂದ ಹೇಳೋಕಾಗದೇ ಇದ್ದಿದ್ದನ್ನ ಮನುಷ್ಯರು ಕೈಯಲ್ಲಿ ಬರೆದ್ರು ಅನ್ನಿ. ಅಪ್ಪ ಈ ಮಾತು ಬಂದಾಗ ಕಾಫಿ ಲೋಟ ಎತ್ಕೊಂಡು ಒಳಗೆ ಹೋಗ್ಬಿಡ್ತಾರೆ.

ಸರಿ, ಕರಿಯರ್ ಪೂರ್ತಿ ಅಳೆಯೋದಾದ್ರೆ ನಾನು ಮೊದಲು ನೋಡೋದು ಸ್ಲಾಮ್ ಸಂಖ್ಯೆ, ತಕ್ಷಣ ಅದನ್ನ ನಾಲ್ಕಾಗಿ ಒಡೆದು ನೋಡ್ತೀನಿ. ಮಾರ್ಗರೆಟ್ ಕೋರ್ಟ್ 24, ಆಸ್ಟ್ರೇಲಿಯನ್ ಒಂದೇ 11, ಒಟ್ಟು 24ರಲ್ಲಿ 13 ಬಂದಿದ್ದು 1968ಕ್ಕಿಂತ ಮುಂಚೆ, ಪ್ರೊಫೆಷನಲ್ ಆಟಗಾರರಿಗೆ ಎಂಟ್ರಿನೇ ಇಲ್ಲದ ಕಾಲದಲ್ಲಿ. ಸೆರೆನಾ 23, ಆಸ್ಟ್ರೇಲಿಯನ್ 7, ಫ್ರೆಂಚ್ 3, ವಿಂಬಲ್ಡನ್ 7, ಯುಎಸ್ 6, ಎಲ್ಲಾ 1968ರ ನಂತರದ ಓಪನ್ ಕಾಲದ್ದೇ. ಸ್ಟೆಫಿದು 4, 6, 7, 5, ಪ್ರತಿಯೊಂದನ್ನೂ ಕನಿಷ್ಠ ನಾಲ್ಕು ಸಲ ಗೆದ್ದೋರು ಇವಳೊಬ್ಬಳೇ, ಮೇಲಿಂದ 1988ರಲ್ಲಿ ನಾಲ್ಕೂ ಪ್ಲಸ್ ಸೋಲ್ ಒಲಿಂಪಿಕ್ಸ್ ಚಿನ್ನ. ನವ್ರಾಟಿಲೋವಾ ಮತ್ತೆ ಕ್ರಿಸ್ ಎವರ್ಟ್ ಇಬ್ರೂ 18, ಆದ್ರೆ ನವ್ರಾಟಿಲೋವಾದು ಅರ್ಧ ವಿಂಬಲ್ಡನ್ ಹುಲ್ಲಲ್ಲಿ ಬಂದಿದ್ದು, ಎವರ್ಟ್‌ದು ಏಳು ಪ್ಯಾರಿಸ್ ಮಣ್ಣಲ್ಲಿ. ಅದೂ ಎವರ್ಟ್ 1974, 75ರಲ್ಲಿ ಫ್ರೆಂಚ್ ಗೆದ್ದು, 1976ರಿಂದ 78ರ ತನಕ ಅಮೆರಿಕದ ಟೀಮ್ ಟೆನಿಸ್ ಲೀಗ್ ಆಡೋಕೆ ಅಂತ ಫ್ರೆಂಚ್ ಓಪನ್ನಿಗೆ ಹೋಗ್ಲೇ ಇಲ್ಲ, ವಾಪಸ್ ಹೋಗಿ 1979, 80ರಲ್ಲಿ ಮತ್ತೆ ಗೆದ್ಲು. ಮಧ್ಯದ ಮೂರು ವರ್ಷ ಏನಾಗ್ತಿತ್ತು ಅಂತ ಯೋಚ್ನೆ ಮಾಡಿ. ಆ ಕಾಲದವ್ರ ಸ್ಲಾಮ್ ಸಂಖ್ಯೆನ ಇವತ್ತಿನವ್ರ ಜೊತೆ ನೇರವಾಗಿ ತೂಗೋಕೆ ಹೋದ್ರೆ ಮೋಸ ಆಗುತ್ತೆ.

ಆಮೇಲೆ ನಂಬರ್ ಒನ್ ಆಗಿದ್ದ ವಾರಗಳು. ಸ್ಟೆಫಿ 377, ನವ್ರಾಟಿಲೋವಾ 332, ಸೆರೆನಾ 319, ಎವರ್ಟ್ 260, ಹಿಂಗಿಸ್ 209. ಸಾಲಾಗಿ 186 ವಾರ ಅನ್ನೋ ದಾಖಲೆ ಸ್ಟೆಫಿ, ಸೆರೆನಾ ಇಬ್ಬರದ್ದೂ, ಒಂದು ವಾರನೂ ಆಕಡೆ ಈಕಡೆ ಇಲ್ಲ. ಈ ಪಟ್ಟೀಲಿ ಮಾರ್ಗರೆಟ್ ಕೋರ್ಟ್, ಬಿಲ್ಲಿ ಜೀನ್ ಕಿಂಗ್ ಹೆಸರಿಲ್ಲ ಅಂತ ಗಾಬರಿ ಆಗ್ಬೇಡಿ, ಕಂಪ್ಯೂಟರ್ ರ‍್ಯಾಂಕಿಂಗ್ ಶುರುವಾಗಿದ್ದೇ 1975ರ ನವೆಂಬರ್ 3ಕ್ಕೆ, ಅಷ್ಟೊತ್ತಿಗೆ ಅವರ ಒಳ್ಳೇ ಕಾಲ ಮುಗಿದಿತ್ತು. ಇವಾನ್ ಗೂಲಗಾಂಗ್ 1976ರಲ್ಲಿ ಎರಡು ವಾರ ನಂಬರ್ ಒನ್ ಆಗಿದ್ಲು ಅಂತ ಡಬ್ಲ್ಯುಟಿಎಗೆ ಗೊತ್ತಾಗಿದ್ದು 2007ರಲ್ಲಿ! ನಮ್ಮ ಕಂದಾಯ ಇಲಾಖೆ ಕಡತನೂ ಇಷ್ಟು ಲೇಟಾಗಲ್ಲ ಅನ್ಸುತ್ತೆ.

ವಾರ ಜಾಸ್ತಿ ಇದ್ರೆ ಸ್ಲಾಮ್ ಜಾಸ್ತಿ ಅಂತೇನಿಲ್ಲ. ಯಾಂಕೊವಿಚ್, ಸಫೀನಾ, ಪ್ಲಿಸ್ಕೋವಾ ನಂಬರ್ ಒನ್ ಆದೋರೇ, ಸಿಂಗಲ್ಸ್ ಸ್ಲಾಮ್ ಒಂದೂ ಇಲ್ಲ. ಉಲ್ಟಾನೂ ಇದೆ, ಲೀ ನಾ, ಕ್ವಿಟೋವಾ ಇಬ್ಬರ ಹತ್ರನೂ ಎರಡೆರಡು ಸ್ಲಾಮ್, ಆದ್ರೆ ಇಬ್ಬರೂ ಎರಡನೇ ರ‍್ಯಾಂಕ್ ದಾಟಲಿಲ್ಲ. ವಾರಾವಾರ ತಪ್ಪದೇ ಬಂದು ಸೆಮೀಸ್, ಕ್ವಾರ್ಟರ್ ಆಡೋರಿಗೆ ರ‍್ಯಾಂಕಿಂಗ್ ಒಲಿಯುತ್ತೆ, ಎರಡು ವಾರ ಹುಚ್ಚು ಹಿಡ್ದಂಗೆ ಆಡಿ ಆಮೇಲೆ ಮಾಯ ಆಗೋರಿಗೆ ಸ್ಲಾಮ್ ಒಲಿಯುತ್ತೆ.

ಇಷ್ಟು ಗೊತ್ತಾದ್ರೆ ಈಗಿನವ್ರ ಪ್ರೊಫೈಲ್ ತೆಗೆದು ನೀವೇ ಓದಿ ನೋಡಿ. ಅರೀನಾ ಸಬಲೆಂಕಾ, 2025ರ ಕೊನೆ ತನಕ ನಾಲ್ಕು ಸ್ಲಾಮ್, ಎರಡು ಆಸ್ಟ್ರೇಲಿಯನ್, ಎರಡು ಯುಎಸ್, ಅಂದ್ರೆ ಎಲ್ಲಾ ಹಾರ್ಡ್ ಕೋರ್ಟೇ. ಇಗಾ, ಆರು, ಅದರಲ್ಲಿ ನಾಲ್ಕು ಪ್ಯಾರಿಸ್, ಒಂದು ಯುಎಸ್, ಒಂದು ವಿಂಬಲ್ಡನ್, ಮೂರು ಥರದ ಕೋರ್ಟಲ್ಲೂ ಗೆದ್ದಿದಾಳೆ, ಆದ್ರೆ ತೂಕ ಮಣ್ಣಿನ ಕಡೆ. 2024ರ ಅಕ್ಟೋಬರಲ್ಲಿ ಸಬಲೆಂಕಾ ಇವಳನ್ನ ದಾಟಿದ್ದು ಯಾವುದೋ ಮ್ಯಾಚ್ ಗೆದ್ದು ಅಲ್ಲ, ಆ ವಾರ ಇಬ್ರೂ ಆಡಿರ್ಲಿಲ್ಲ, ಕಡ್ಡಾಯವಾಗಿ ಆಡ್ಬೇಕಾದಷ್ಟು 500 ಟೂರ್ನಿ ಇಗಾ ಆಡಿಲ್ಲ ಅಂತ ಅವಳ ಪಾಯಿಂಟ್ ಕಟ್ ಆಯ್ತು. ಅಟೆಂಡೆನ್ಸ್ ಶಾರ್ಟೇಜ್, ಅಷ್ಟೇ. ಅಲ್ಲಿಗೆ ಇಗಾದು ಒಟ್ಟು 125 ವಾರಕ್ಕೆ ನಿಂತ್ಕೊಂತು.

ಆ ವಿಂಬಲ್ಡನ್ ಫೈನಲ್ ಮುಗಿದ ರಾತ್ರಿ ಅಪ್ಪ ಇದೇ ನಂಬರ್ ಹಿಡ್ಕೊಂಡ್ರು, "125 ಎಲ್ಲಿ, ನಮ್ಮ ಸ್ಟೆಫಿ 377 ಎಲ್ಲಿ". ತಂಗಿ ಕ್ಯಾಲ್ಕುಲೇಟರ್ ತೆಗೆದು ಹೊಡೆದ್ಲು, ಇನ್ನೂ 252 ವಾರ ಬೇಕು, ಹತ್ರ ಹತ್ರ ಐದು ವರ್ಷ. ಸ್ವಲ್ಪ ಹೊತ್ತು ಸುಮ್ನಿದ್ದು "ಅವಳಿಗಿನ್ನೂ 24 ಅಪ್ಪಾ" ಅಂದ್ಲು. ಅಪ್ಪ ಟಿವಿ ಆಫ್ ಮಾಡಿ ಮಲಗೋಕೆ ಹೋದ್ರು.