ಮಾತ್ರೆ ಕೊಡುವ ದಿನವೇ ಮಾತಿಗೂ ಸಮಯ

ಸೈಕೋಸಿಸ್, ಅಂದರೆ ಇಲ್ಲದ ದನಿ ಕೇಳಿಸುವ, ಗಟ್ಟಿ ಭ್ರಮೆ ಹಿಡಿಯುವ ಕಾಯಿಲೆ ಇರುವವರಿಗೆ ಮಾತ್ರೆ, ಇಂಜೆಕ್ಷನ್ ಸಾಕು, ಕೂರಿಸಿ ಮಾತಾಡಿಸಿ ಏನೂ ಆಗದು ಎನ್ನುವವರು ಈಗಲೂ ಇದ್ದಾರೆ. ಬರೀ ಮಾತಿನಿಂದ ಒಬ್ಬ ರೋಗಿಯ ಗಟ್ಟಿ ಭ್ರಮೆ ಸಡಿಲವಾದದ್ದನ್ನು ಅಮೆರಿಕದ ಮನೋವೈದ್ಯ ಆರನ್ ಬೆಕ್ 1952ರಲ್ಲೇ ಬರೆದಿದ್ದರು. ಚಿಕಿತ್ಸೆ ಹೇಗಿರಬೇಕೆಂದು ಸೂಚಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿಯಂತೆ ಮಾತ್ರೆಯ ಜೊತೆ ಕನಿಷ್ಠ 16 ಭೇಟಿಗಳ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಒಟ್ಟಿಗೆ ಪರಿಶೀಲಿಸುವ ಮಾತಿನ ಚಿಕಿತ್ಸೆ), ಮನೆಯವರ ಜೊತೆ ಕನಿಷ್ಠ 10 ಭೇಟಿ ಸಿಗಬೇಕು. ಕೊಡಗಿನಲ್ಲಿ ಇಂಥ ರೋಗಿಗಳ ಜೊತೆ ಕೆಲಸ ಮಾಡುವ ನಮ್ಮ ಮುಂದಿರುವ ಪ್ರಶ್ನೆ ಬೇರೆ: ಕುಟ್ಟದಿಂದಲೋ ಭಾಗಮಂಡಲದಾಚೆಯಿಂದಲೋ ಬರುವವರು ದಿನದ ಕೂಲಿ ಬಿಟ್ಟು ಮಡಿಕೇರಿಗೆ ಹದಿನಾರು ಸಲ ಹೇಗೆ ಬರುವುದು?

ಅದಕ್ಕೆ ನಾವು ಮಾತನ್ನು ಮಾತ್ರೆಯ ದಿನಕ್ಕೇ ಕಟ್ಟಿದ್ದೇವೆ. ಫಾಲೋ-ಅಪ್‌ಗೆ ಹೇಗೂ ಬರುತ್ತಾರೆ. ಚೀಟಿ ಬರೆಸಿ ಔಷಧಿಗೆ ಕಾಯುವ ಹೊತ್ತಿನಲ್ಲೇ ಇಪ್ಪತ್ತೈದು ನಿಮಿಷ. ಆದರೆ ತಿಂಗಳಿಗೊಮ್ಮೆಯಾದರೆ ಹದಿನಾರು ಭೇಟಿಗೆ ಒಂದು ವರ್ಷ ನಾಲ್ಕು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಎಳೆ ತಪ್ಪುತ್ತದೆ. ಹೀಗಾಗಿ ಮೊದಲ ನಾಲ್ಕು ಭೇಟಿ ವಾರಕ್ಕೊಂದು, ಹತ್ತಿರದ ತಾಲೂಕು ಆಸ್ಪತ್ರೆಯಲ್ಲೇ. ಆಮೇಲೆ ಮಾತ್ರೆಯ ದಿನ, ನಡುವೆ ಹತ್ತು ನಿಮಿಷದ ಫೋನ್. ಕಾಫಿ ಕುಯ್ಲಿನ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೊಸಬರನ್ನು ಶುರು ಮಾಡುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೂ ಸಿಗ್ನಲ್ಲೂ ಕೈಕೊಡುತ್ತವೆ. ಮಾರ್ಚ್‌ನಿಂದ ಮೇ ತನಕ ಸಿಗುವ ಬಿಡುವು ದೊಡ್ಡದು, ಅದನ್ನು ಪೂರ್ತಿ ಬಳಸಬೇಕು.

ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ಕರೆಯುವುದಿಲ್ಲ. ರಾತ್ರಿ ಒಲಾಂಜಪೈನ್ ಮಾತ್ರೆ ನುಂಗಿದವರಿಗೆ ಬೆಳಿಗ್ಗೆ ಮಂಪರು ಬಿಟ್ಟಿರುವುದಿಲ್ಲ. ಮಧ್ಯಾಹ್ನದ ಬಸ್ಸು ತಪ್ಪಿದರೆ ಮುಂದಿನ ಸಲ ಅವರು ಬರುವುದೇ ಇಲ್ಲ, ಆದ್ದರಿಂದ ಬಸ್ಸಿನ ಸಮಯವನ್ನೂ ಫೈಲಿನಲ್ಲಿ ಬರೆದಿಡಿ. ಎಸ್ಟೇಟಿನ ಮೇಸ್ತ್ರಿಗೋ ಲೆಕ್ಕ ಬರೆಯುವ ರೈಟರಿಗೋ ಕೊಡುವ ಚೀಟಿಯಲ್ಲಿ 'ಆಸ್ಪತ್ರೆ ತಪಾಸಣೆ' ಎಂದಷ್ಟೇ ಇರಲಿ. ಕೂಲಿಯವರ ಲೈನ್ ಮನೆಯಲ್ಲಿ ಒಬ್ಬರಿಗೆ ಗೊತ್ತಾದರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತು.

ಮೊದಲ ಭೇಟಿಯಲ್ಲಿ 'ಅದೆಲ್ಲ ನಿಮ್ಮ ಭ್ರಮೆ' ಎಂದರೆ ಅಲ್ಲಿಗೇ ಮುಗಿಯಿತು. 'ಹೌದು, ಮಾಟ ಮಾಡಿಸಿದ್ದಾರೆ' ಎಂದು ತಲೆಯಾಡಿಸುವುದೂ ಅಷ್ಟೇ ಕೆಟ್ಟದ್ದು. ನಾವು ಕೇಳುವುದು ಇಷ್ಟು: ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ನಿದ್ರೆ ಹೇಗಿತ್ತು, ಮನೆಯಲ್ಲಿ ಏನಾಗಿತ್ತು. ನಿದ್ರೆಗೆಟ್ಟವರಿಗೆ, ಆಪ್ತರು ತೀರಿಕೊಂಡವರಿಗೆ ಕಾಯಿಲೆ ಇಲ್ಲದೆಯೂ ದನಿ ಕೇಳಿಸುವುದುಂಟು ಎಂದು ತಿಳಿಸುತ್ತೇವೆ. ಎಷ್ಟೋ ಮಂದಿಯ ಮುಖ ಸಡಿಲವಾಗುವುದು ಇಲ್ಲೇ. ಭೇಟಿಯಲ್ಲಿ ಕಾಲು ಅಲ್ಲಾಡಿಸುತ್ತಾ ಕೂರಲಾಗದೆ ಎದ್ದೆದ್ದು ಓಡಾಡಿದರೆ ಅದನ್ನು ಬೇಸರವೆಂದುಕೊಳ್ಳಬೇಡಿ. ರಿಸ್ಪೆರಿಡೋನ್‌ನಂಥ ಔಷಧಿಯ ಅಡ್ಡಪರಿಣಾಮ ಇದ್ದೀತು. ಅದೇ ದಿನ ಡಾಕ್ಟರಿಗೆ ತೋರಿಸಿ.

ದನಿ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂಬುದು ಇಲ್ಲಿ ದೊಡ್ಡ ವಿಷಯ. ನಮ್ಮ ಮಾತುಕತೆ ಕನ್ನಡದಲ್ಲಿ ನಡೆದರೂ ದನಿ ಬೈಯುವುದು ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಯರವ ಮಾತಿನಲ್ಲೋ ಇರಬಹುದು. ಅದು ಹೇಳಿದ ಮಾತನ್ನು ಅದೇ ಭಾಷೆಯಲ್ಲಿ ಹೇಳಿಸಿ, ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಕನ್ನಡಕ್ಕೆ ತಿರುಗಿಸಿದ ಕೂಡಲೇ ಅದರ ಹರಿತ ಹೋಗಿ, ಯಾಕಷ್ಟು ಹೆದರಿದ್ದಾರೆ ಎಂಬುದೇ ನಮಗೆ ತಿಳಿಯುವುದಿಲ್ಲ. ಅರ್ಥ ಹೇಳಲು ಮನೆಯವರನ್ನು ಕೂರಿಸಬೇಡಿ, ಬೈಗುಳದಲ್ಲಿ ಅವರ ಹೆಸರೇ ಇರುತ್ತದೆ. ಅದೇ ಹಾಡಿಯ (ಬುಡಕಟ್ಟಿನವರ ವಸತಿ) ಆಶಾ ಕಾರ್ಯಕರ್ತೆಯೂ ಬೇಡ, ಬೇರೆ ಹಾಡಿಯವರಾದರೆ ಒಳ್ಳೆಯದು.

ನಂಬಿಕೆ ಎಷ್ಟು ಗಟ್ಟಿ ಎಂದು ಅಳೆಯಲು ನೂರಕ್ಕೆ ಎಷ್ಟು ಎಂದು ಕೇಳುವುದು ರೂಢಿ. ಓದು ಬಾರದವರಿಗೆ ಹತ್ತು ಕಾಫಿ ಬೀಜ ಕೊಡುತ್ತೇವೆ: 'ನಿಜವೇ' ಎನ್ನುವ ಕಡೆ ಎಷ್ಟು, 'ಇರಲಿಕ್ಕಿಲ್ಲ' ಎನ್ನುವ ಕಡೆ ಎಷ್ಟು? ಒಂದೇ ಬೀಜ ಆಚೆ ಹೋದರೂ ಕೆಲಸಕ್ಕೆ ಅಷ್ಟು ಸಾಕು.

ಎಸ್ಟೇಟ್ ಜೀಪಿನ ಹಾರ್ನ್ ತನ್ನನ್ನು ಮುಗಿಸಲು ಕೊಡುವ ಸನ್ನೆ ಎಂದು ಒಬ್ಬರು ನಂಬಿದ್ದಾರೆ ಎನ್ನಿ. ನಾವು ವಾದಕ್ಕಿಳಿಯುವುದಿಲ್ಲ. ಹಾರ್ನ್ ಹೊಡೆಯಲು ಬೇರೆ ಏನೇನು ಕಾರಣ ಇದ್ದೀತು ಎಂದು ಅವರಿಂದಲೇ ಹೇಳಿಸುತ್ತೇವೆ. ನಮ್ಮ ರಸ್ತೆಗಳಲ್ಲಿ ತಿರುವಿಗೊಂದು ಹಾರ್ನ್ ಇದ್ದದ್ದೇ. ಆಮೇಲೆ ಮೂರು ದಿನ, ಒಂದೇ ತಿರುವಿನಲ್ಲಿ, ನಂಬುವ ಒಬ್ಬರ ಜೊತೆ ಅರ್ಧ ಗಂಟೆ ನಿಂತು, ಎಷ್ಟು ಗಾಡಿ ಬಂತು, ಎಷ್ಟು ಹಾರ್ನ್ ಹೊಡೆದವು ಎಂದು ಗೀಟು ಹಾಕುವುದು. ಇಲ್ಲಿ ತಪ್ಪುವುದು ಒಂದೇ ಕಡೆ: ಸನ್ನೆಯೇ ಆಗಿದ್ದರೆ ಏನು ಕಾಣಬೇಕು, ಅಲ್ಲದಿದ್ದರೆ ಏನು ಕಾಣಬೇಕು ಎಂದು ಹೋಗುವ ಮೊದಲೇ ಬರೆಸದಿರುವುದು. ಬರೆಸದಿದ್ದರೆ 'ಅವರಿಗೆ ಗೊತ್ತಾಗಿ ಬದಲಾಯಿಸಿದರು' ಎಂಬ ಉತ್ತರ ಬರುತ್ತದೆ, ನಂಬಿಕೆ ಇನ್ನಷ್ಟು ಬಿಗಿಯಾಗುತ್ತದೆ.

ದನಿಗೆ ಮೊದಲು ಒಂದು ವಾರದ ಲೆಕ್ಕ ಬೇಕು: ಹೊತ್ತು, ಜಾಗ, ಜೊತೆಗೆ ಯಾರಿದ್ದರು. ಮಳೆಗಾಲದಲ್ಲಿ ತಗಡಿನ ಮೇಲಿನ ಸದ್ದಿನೊಳಗೆ ದನಿ ಕೇಳುವವರಿದ್ದಾರೆ, ಫ್ಯಾನಿನ ಸದ್ದಿನಲ್ಲಿ ಕೇಳುವವರೂ ಇದ್ದಾರೆ. ಅಂಥವರು ಮಲಗುವ ಜಾಗ ಬದಲಿಸಿದರೂ ಗುಣ ಕಾಣುತ್ತದೆ. ಗುನುಗುವುದು, ಪೇಪರನ್ನು ಜೋರಾಗಿ ಓದುವುದು, ಒಂದೇ ಕಿವಿಗೆ ಇಯರ್‌ಫೋನ್ ಹಾಕಿ ಹಾಡು ಕೇಳುವುದು, ಇವನ್ನು ಒಂದೊಂದಾಗಿ ಎರಡೆರಡು ದಿನ ಮಾಡಿಸಿ, ಉಪಯೋಗವಾದದ್ದನ್ನು ಇಟ್ಟುಕೊಳ್ಳುತ್ತೇವೆ. ಅದಕ್ಕಿಂತ ಮುಖ್ಯವಾದದ್ದು ದನಿಗೆ ಇದೆಯೆಂದು ಅವರು ನಂಬಿರುವ ಶಕ್ತಿ. 'ಅದು ಹೇಳಿದ್ದನ್ನು ಮಾಡದೆ ಬಿಟ್ಟಾಗ ಏನಾಯಿತು?' ಎಂದು ಕೇಳುತ್ತಾ ಹೋದರೆ ಆ ಶಕ್ತಿ ಕುಂದುತ್ತದೆ, ದನಿ ನಿಲ್ಲದಿದ್ದರೂ ಬದುಕು ನಡೆಯುತ್ತದೆ.

'ಸಾಯಿ', 'ಹೊಡೆ' ಎಂದು ದನಿ ಅಪ್ಪಣೆ ಮಾಡುತ್ತಿದ್ದರೆ ಮಾತ್ರ ಬೇರೆಲ್ಲ ಬಿಟ್ಟು ಕೋವಿಯ ವಿಚಾರ ಎತ್ತಬೇಕು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನ ವಿನಾಯಿತಿ ಇರುವುದರಿಂದ ಇಲ್ಲಿ ಕೋವಿ ಮನೆಯ ಗೋಡೆಯ ಮೇಲೇ ಇರುತ್ತದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯೂ ಆಗುತ್ತದೆ. 'ತೆಗೆದುಬಿಡಿ' ಎಂದರೆ ಒಕ್ಕದ (ಮನೆತನದ) ಮರ್ಯಾದೆಗೆ ಪೆಟ್ಟು. ನಾವು ಕೇಳುವುದು, 'ಇವರು ಸುಧಾರಿಸುವ ತನಕ ಕೋವಿ ಅಣ್ಣತಮ್ಮಂದಿರ ಮನೆಯಲ್ಲಿರಲಿ, ಗುಂಡು ಇನ್ನೊಂದು ಕಡೆ ಇರಲಿ.' ಮನೆಯ ಹಿರಿಯರಿಗೆ ನೇರವಾಗಿ, ಮರ್ಯಾದೆಯಿಂದ ಹೇಳಿದರೆ ಒಪ್ಪುತ್ತಾರೆ. ತೋಟಕ್ಕೆ ಹೊಡೆಯುವ ಔಷಧಿಗೂ ಬೀಗ ಬೇಕು, ಕೀ ಯಾರ ಹತ್ತಿರ ಎಂದು ಹೆಸರು ಹಿಡಿದು ಕೇಳಿ.

ಗುಳಿಗ ದೈವದ ಕಾಟ ಎಂದು ಹರಕೆ ಹೊತ್ತವರನ್ನು ತಡೆಯುವುದಿಲ್ಲ. ಪೂಜೆ ನಡೆಯಲಿ, ಮಾತ್ರೆ ನಿಲ್ಲದಿರಲಿ. ಉಪವಾಸ ಬೇಡ, ಹೊಡೆತ ಬೇಡ. ಕಟ್ಟಿಹಾಕಿದ್ದು ಕಂಡರೆ ಸುಮ್ಮನಿರುವಂತಿಲ್ಲ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ.

ಮನೆಯವರ ಭೇಟಿಗಳಲ್ಲಿ ಹೆಚ್ಚಿನ ಹೊತ್ತು ಹೋಗುವುದು ಬೈಗುಳ ಕಡಿಮೆ ಮಾಡಿಸುವುದಕ್ಕೆ. 'ಸೋಮಾರಿ, ಮಲಗೇ ಇರ್ತಾನೆ' ಎನ್ನುವುದು ಕಾಯಿಲೆಯ ಮಂಕನ್ನು ಕುರಿತ ಮಾತು ಎಂದು ತಾಯಿಗೆ ಅರ್ಥವಾದರೆ ಮನೆಯ ಗಾಳಿಯೇ ಬದಲಾಗುತ್ತದೆ. 'ಕೆಲಸ ಮಾಡು' ಎನ್ನುವ ಬದಲು 'ಈ ಎರಡು ಕೊಡ ನೀರು ತಂದಿಡು ಮಗ' ಎಂದು ಹೇಳುವುದನ್ನು ಅಲ್ಲೇ ಅಭ್ಯಾಸ ಮಾಡಿಸುತ್ತೇವೆ.

ಕೊನೆಯ ಎರಡು ಭೇಟಿ ಒಂದು ಹಾಳೆಗೆ ಮೀಸಲು. ಕಾಯಿಲೆ ಮರುಕಳಿಸುವ ಮುನ್ನ ಇವರಲ್ಲಿ ಏನು ಕಾಣುತ್ತದೆ (ಎರಡು ರಾತ್ರಿ ನಿದ್ರೆ ಇಲ್ಲ, ಕಿಟಕಿ ಮುಚ್ಚುವುದು, ಊಟ ಮೂಸಿ ನೋಡುವುದು), ಆಗ ಯಾರು ಯಾರಿಗೆ ಫೋನ್ ಮಾಡಬೇಕು, ಯಾವ ಔಷಧಿ ಎಷ್ಟು, ಯಾವುದು ಮೈಗೆ ಒಗ್ಗಲಿಲ್ಲ. ಒಂದು ಪ್ರತಿ ಅವರ ಹತ್ತಿರ, ಇನ್ನೊಂದು ಅವರೇ ಆರಿಸಿದವರ ಹತ್ತಿರ. ಕೆಳಗೆ ದಪ್ಪ ಅಕ್ಷರದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416: ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ. ಭೇಟಿ ಮುಗಿಸಿ ಹೋಗುವ ಮುನ್ನ ನಮ್ಮೆದುರೇ ಒಮ್ಮೆ ಆ ನಂಬರಿಗೆ ಫೋನ್ ಮಾಡಿಸಿಬಿಡಿ.