ಪಾಟ್ ಇಬ್ಭಾಗವಾಗುವ ಡ್ರಾ ಪೋಕರ್ ಆಟವನ್ನು ರೂಪಿಸುವ ಬಗೆ

ಎಲೆಗಳನ್ನು ಬದಲಿಸಿಕೊಂಡು ಆಡುವ ಈ ಪೋಕರಿನಲ್ಲಿ ಪಾಟಿನ, ಎಂದರೆ ಪಣವಾಗಿ ಕೂಡಿದ ಮೊತ್ತದ, ಎರಡು ಅರ್ಧಗಳು ಒಂದಕ್ಕೊಂದು ಪೂರಕವಾಗಿರಬೇಕೇ ವಿರುದ್ಧವಾಗಿರಬೇಕೇ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಬಡ್ಯೂಸಿ ಆಟದಲ್ಲಿ ಒಂದರ್ಧವು ಬೇರೆ ಬೇರೆ ಜಾತಿಯ ನಾಲ್ಕು ಕಿರಿಯ ಎಲೆಗಳ ಬಡೂಗಿಗೂ, ಇನ್ನೊಂದು ಐದೆಲೆಯ ಅತಿ ಕೆಳಗಿನ ಕೈಗೂ ಸಲ್ಲುತ್ತದೆ. ಅಲ್ಲಿ ಎಕ್ಕ ದೊಡ್ಡ ಎಲೆಯಾದ್ದರಿಂದ, ನಾಲ್ಕು ಜಾತಿಯ 2, 3, 4, 5ರೊಂದಿಗೆ 7 ಸೇರಿದರೆ ಎರಡಕ್ಕೂ ಅದೇ ಶ್ರೇಷ್ಠ ಕೈ. ನನಗೆ ಹೆಚ್ಚು ಸತ್ವವುಳ್ಳದ್ದೆನಿಸುವುದು ವಿರುದ್ಧ ಜೋಡಣೆಯೇ: ಬಡೂಗಿಯ ಎದುರು ಐದೆಲೆಯ ಮೇಲಿನ ಕೈಯನ್ನಿಟ್ಟರೆ, ಮೇಲಿನ ಕೈಗೆ ಬೇಕಾದ, ಬಡೂಗಿಗೆ ಬೇಡವಾದ ಜೋಡಿಯನ್ನು ಉಳಿಸಿಕೊಳ್ಳುವುದೋ ಒಡೆಯುವುದೋ ಎಂಬ ನಿಜವಾದ ಸಂದಿಗ್ಧ ಪ್ರತಿ ಸಲ ಎಲೆ ಬದಲಿಸುವಾಗಲೂ ಎದುರಾಗುತ್ತದೆ.

ಎಲೆಗಳ ಲೆಕ್ಕವನ್ನು ಮರೆಯಬಾರದು. ಆರು ಮಂದಿಗೆ ಐದೈದು ಹಂಚಿದರೆ 52ರಲ್ಲಿ 22 ಮಾತ್ರ ಉಳಿಯುವುದರಿಂದ, ಎರಡು ಬಾರಿ ಬದಲಿಸಲು ಅವಕಾಶ ಕೊಟ್ಟು, ಕಟ್ಟು ಮುಗಿದಾಗ ಎಸೆದ ಎಲೆಗಳನ್ನೇ ಕಲೆಸಿ ಬಳಸುವ ನಿಯಮವಿಡುವುದು ಲೇಸು. ಪಾಟನ್ನು ಹಂಚುವಾಗ ಸಮವಾಗಿ ಒಡೆಯದೆ ಉಳಿಯುವ ಚಿಪ್ (ಪಣದ ಬಿಲ್ಲೆ) ಯಾರಿಗೆ ಎಂಬುದನ್ನೂ ಮೊದಲೇ ಬರೆದಿಡಿ.